ಕಿರುನಾ: ಜಾಗ ಬದಲಿಸುತ್ತಿರುವ ಗಣಿ ಊರಿಗೆ ಹೊರಡುವವರಿಗೆ

ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು, ಅದರ ಬೆನ್ನಿಗೇ ಟೌನ್‌ಶಿಪ್ ಖಾಲಿಯಾಗುತ್ತ ಬಂತು. ಸ್ವೀಡನ್ನಿನ ಉತ್ತರ ತುದಿಯ ಕಿರುನಾದಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಅಲ್ಲಿ ಗಣಿ ನಿಲ್ಲುವುದಿಲ್ಲ, ಅದಕ್ಕೇ ಊರು ಜಾಗ ಖಾಲಿ ಮಾಡುತ್ತಿದೆ. ಎರಡೂ ಕಡೆ ಅದಿರು ಒಂದೇ ಜಾತಿಯದು, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಕುದುರೆಮುಖದ್ದು ಬಡ ಅದಿರು, ಕಿರುನಾದ್ದು ಜಗತ್ತಿನ ಅತಿ ಸಮೃದ್ಧ ನಿಕ್ಷೇಪಗಳಲ್ಲೊಂದು.

ಹೆಚ್ಚಿನವರು ಕಿರುನಾಕ್ಕೆ ಬರುವುದು ಉತ್ತರದ ಬೆಳಕು, ಅಂದರೆ ಅರೋರಾ ನೋಡಲು. ಎರಡು ರಾತ್ರಿ ಇದ್ದು, ಮೋಡ ಕವಿದ ಆಕಾಶ ನೋಡಿ, ಬೇಸರದಿಂದ ವಾಪಸಾಗುತ್ತಾರೆ. ಅರೋರಾವನ್ನು ರಾತ್ರಿಗೆ ಬಿಟ್ಟು, ಹಗಲನ್ನು ಊರಿಗೆ, ಗಣಿಗೆ, ನದಿಗೆ ಕೊಟ್ಟರೆ ಆಕಾಶ ಕೈಕೊಟ್ಟರೂ ಪ್ರವಾಸ ಕೈಕೊಡುವುದಿಲ್ಲ. ಇದಕ್ಕೆ ಕನಿಷ್ಠ ಐದು ರಾತ್ರಿ ಬೇಕು. ಮೂರು ರಾತ್ರಿ ಊರಿನಲ್ಲಿ, ಎರಡು ವಾಯವ್ಯಕ್ಕಿರುವ ಅಬಿಸ್ಕೊ ಹಳ್ಳಿಯಲ್ಲಿ.

ಯಾವ ತಿಂಗಳು

ಕಿರುನಾ ಇರುವುದು ಆರ್ಕ್ಟಿಕ್ ವೃತ್ತದಿಂದ ಸುಮಾರು 145 ಕಿ.ಮೀ. ಉತ್ತರಕ್ಕೆ. ಡಿಸೆಂಬರ್ ಎರಡನೇ ವಾರದಿಂದ ಹೊಸ ವರ್ಷದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಹಾಗೆಂದು ದಿನವಿಡೀ ಕಗ್ಗತ್ತಲೂ ಅಲ್ಲ. ಮಧ್ಯಾಹ್ನದ ಆಸುಪಾಸು ಕೆಲವು ಗಂಟೆ ನೀಲಿ ಮುಸ್ಸಂಜೆಯಂಥ ಬೆಳಕಿರುತ್ತದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದಿಲ್ಲ, ಆಗ ಅರೋರಾ ಕಾಣುವ ಮಾತೇ ಇಲ್ಲ.

ಮೊದಲ ಸಲ ಹೋಗುವವರಿಗೆ ಮಾರ್ಚ್ ಒಳ್ಳೆಯದು. ಹಿಮ ಗಟ್ಟಿಯಾಗಿರುತ್ತದೆ, ಹಗಲು ಹನ್ನೆರಡು ತಾಸಿನ ಹತ್ತಿರ ಇರುತ್ತದೆ, ರಾತ್ರಿ ಸಾಕಷ್ಟು ಕತ್ತಲಿರುತ್ತದೆ. ಜೊತೆಗೆ ವಿಷುವದ ಆಚೀಚೆ ಅರೋರಾ ಚಟುವಟಿಕೆ ಸರಾಸರಿಗಿಂತ ಹೆಚ್ಚು. ಡಿಸೆಂಬರ್ ಮೊದಲ ಪಾದದಲ್ಲಿ ಹೋದರೆ ಮಂಜುಗಡ್ಡೆಯಿಂದ ಕಟ್ಟುವ ಐಸ್‌ಹೋಟೆಲ್‌ನ ಚಳಿಗಾಲದ ಭಾಗ ಇನ್ನೂ ಕಟ್ಟುತ್ತಿರುತ್ತಾರೆ. ಚಳಿ ಬೇಡ, ಅರೋರಾ ಬೇಕು ಎನ್ನುವವರಿಗೆ ಸೆಪ್ಟೆಂಬರ್. ಬರ್ಚ್ ಕಾಡು ಹಳದಿಯಾಗಿರುತ್ತದೆ, ಕೆರೆಗಳು ಹೆಪ್ಪುಗಟ್ಟಿರುವುದಿಲ್ಲ, ನಾಯಿಗಾಡಿ ಮಾತ್ರ ಸಿಗುವುದಿಲ್ಲ.

ಬುಕಿಂಗ್‌ನ ಸರದಿ

ಯಾವುದು ಬೇಗ ತುಂಬುತ್ತದೋ ಅದು ಮೊದಲು. ಕೆಳಗಿನ ಕ್ರಮ ತಪ್ಪಿಸಿದರೆ ಆಮೇಲೆ ದಿನಾಂಕಗಳು ಒಂದಕ್ಕೊಂದು ಕೂಡುವುದಿಲ್ಲ.

1. ಗಣಿಯೊಳಗಿನ ಪ್ರವಾಸ. ಇದು ದಿನವೂ ಇರುವುದಿಲ್ಲ, ಇಂಗ್ಲಿಷ್ ವಿವರಣೆಯ ಗುಂಪು ಇನ್ನೂ ಕಡಿಮೆ. ಇದರ ದಿನ ಗೊತ್ತಾದ ಮೇಲೆ ಉಳಿದದ್ದನ್ನು ಅದರ ಸುತ್ತ ಹೆಣೆಯಿರಿ.
2. ಅಬಿಸ್ಕೊದ ವಸತಿ. ಅದು ಪುಟ್ಟ ಹಳ್ಳಿ, ಹಾಸಿಗೆಗಳು ಎಣಿಸುವಷ್ಟು. ಫೆಬ್ರವರಿ ಮತ್ತು ಮಾರ್ಚ್‌ಗೆ ತಿಂಗಳುಗಟ್ಟಲೆ ಮೊದಲೇ ಹೋಗಿಬಿಡುತ್ತವೆ.
3. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲಿನ ಸ್ಲೀಪರ್, ಅಥವಾ ವಿಮಾನ.
4. ಕಿರುನಾದ ಹೋಟೆಲ್, ಕೊನೆಗೆ ನಾಯಿಗಾಡಿ, ಸ್ನೋಮೊಬೈಲ್ ಇತ್ಯಾದಿ.

ವೀಸಾ ಷೆಂಗೆನ್. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಹಾಕಬಹುದು, ಕೊನೆಯ ಗಡುವು 15 ದಿನ. ಗಡುವಿನವರೆಗೆ ಕಾಯುವುದು ಜೂಜು. ಶುಲ್ಕ ದೊಡ್ಡವರಿಗೆ 90 ಯೂರೊ, ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು, ಮರಳುವ ದಿನದಿಂದ ಮುಂದೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಕಿರುನಾದಿಂದ ರೈಲು ಹತ್ತಿ ನಾರ್ವೆಯ ನಾರ್ವಿಕ್‌ಗೆ ಹೋಗಿ ಬರುವುದಾದರೆ ಬೇರೆ ವೀಸಾ ಬೇಡ, ನಾರ್ವೆಯೂ ಷೆಂಗೆನ್ ಒಳಗಿದೆ. ಆದರೆ ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕು ಎಂಬುದು ನೆನಪಿರಲಿ.

ತಲುಪುವ ಬಗೆ

ಸ್ಟಾಕ್‌ಹೋಮ್‌ನಿಂದ ವಿಮಾನದಲ್ಲಿ ಒಂದೂವರೆ ತಾಸು. ರೈಲಿನಲ್ಲಿ ಸಂಜೆ ಹೊರಟರೆ ಮರುದಿನ ಬೆಳಿಗ್ಗೆ ಹೊತ್ತೇರಿದ ಮೇಲೆ ತಲುಪುತ್ತದೆ. ರೈಲು ಚೆನ್ನ, ಆದರೆ ಅದನ್ನು ನಂಬಿ ಮರುದಿನವೇ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಉತ್ತರದ ಈ ಮಾರ್ಗ ಬಹುಪಾಲು ಒಂಟಿ ಹಳಿ, ಅದರ ಮೇಲೆಯೇ ಅದಿರು ಗಾಡಿಗಳ ಓಡಾಟ. ಒಂದೊಂದು ಗಾಡಿಗೆ 68 ವ್ಯಾಗನ್, ಮುಕ್ಕಾಲು ಕಿ.ಮೀ. ಉದ್ದ, ತುಂಬಿದಾಗ 8,000 ಟನ್‌ಗೂ ಮಿಗಿಲಾದ ತೂಕ. ಇಂಥದ್ದೊಂದು ಹಳಿ ತಪ್ಪಿದರೆ ಬಳಸಿ ಹೋಗಲು ಇನ್ನೊಂದು ಹಳಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಹೀಗಾಗಿ ಕಿರುನಾ–ನಾರ್ವಿಕ್ ಮಾರ್ಗ ಎರಡು ತಿಂಗಳು ಮುಚ್ಚಿತ್ತು. ಮತ್ತೆ ತೆರೆದ ಕೆಲವೇ ದಿನಕ್ಕೆ, 2024ರ ಫೆಬ್ರವರಿಯಲ್ಲಿ, ಇನ್ನೊಮ್ಮೆ ಹಳಿ ತಪ್ಪಿತು. ಮರಳುವಾಗ ಸ್ಟಾಕ್‌ಹೋಮ್‌ನಲ್ಲಿ ಒಂದು ಪೂರ್ತಿ ದಿನ ಖಾಲಿ ಇಟ್ಟುಕೊಳ್ಳಿ.

ರೈಲು ನಿಲ್ದಾಣದ ವಿಚಾರದಲ್ಲಿ ಹಲವರು ಮೋಸಹೋಗುತ್ತಾರೆ. ಹಳೆಯ ನಿಲ್ದಾಣ ಗಣಿಯ ಬಿರುಕಿನ ವಲಯಕ್ಕೆ ಸಿಕ್ಕಿತು. 2013ರಿಂದ ಇರುವುದು ಊರಾಚೆಯ ತಾತ್ಕಾಲಿಕ ನಿಲ್ದಾಣ. ಹೊಸ ಪೇಟೆ ಅಲ್ಲಿಂದ ದೂರ, ಸೂಟ್‌ಕೇಸ್ ಎಳೆದುಕೊಂಡು ಹಿಮದಲ್ಲಿ ನಡೆಯುವ ದಾರಿಯಲ್ಲ. ರೈಲಿಗೆ ಹೊಂದುವ ಬಸ್ ಯಾವುದೆಂದು ಹಿಂದಿನ ದಿನವೇ ನೋಡಿಕೊಳ್ಳಿ, ಇಲ್ಲವೇ ಹೋಟೆಲ್‌ಗೆ ಹೇಳಿ ಟ್ಯಾಕ್ಸಿ ಕಾಯಿಸಿ. ನಿಲ್ದಾಣದಲ್ಲಿ ನಿಂತು ಕೈ ತೋರಿಸಿದರೆ ಆಟೋ ಬರುವ ಊರಲ್ಲ ಇದು.

ಮೈಮೇಲೆ ಏನು

ಜನವರಿಯಲ್ಲಿ ಶೂನ್ಯಕ್ಕಿಂತ 10ರಿಂದ 15 ಡಿಗ್ರಿ ಕೆಳಗೆ ಇರುವುದು ಮಾಮೂಲು, 30 ಡಿಗ್ರಿ ಕೆಳಗೆ ಇಳಿಯುವ ದಿನಗಳೂ ಇವೆ. ಬೆಂಗಳೂರಿನ ಸ್ವೆಟರ್ ಎರಡು ಹಾಕಿಕೊಂಡರೆ ಸಾಕು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪಕ್ಕಿಂತ ಪದರ ಮುಖ್ಯ.

ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದು. ಹತ್ತಿಯ ಬನಿಯನ್, ಜೀನ್ಸ್ ಎರಡೂ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡೆದು ನಿಂತ ಐದು ನಿಮಿಷಕ್ಕೆ ಆ ತೇವವೇ ಮೈಯನ್ನು ಕೊರೆಯುತ್ತದೆ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಹೊದಿಕೆ. ಹೊರಗಿನ ಹೊದಿಕೆ ಮತ್ತು ಬೂಟನ್ನು ಕೊಳ್ಳಬೇಡಿ. ನಾಯಿಗಾಡಿ, ಸ್ನೋಮೊಬೈಲ್ ಪ್ರವಾಸದವರು ಮೈತುಂಬಾ ಮುಚ್ಚುವ ಓವರಾಲ್, ಬೂಟು ಕೊಡುತ್ತಾರೆ. ಉಳಿದ ದಿನಗಳಿಗೆ ಬಾಡಿಗೆಗೂ ಸಿಗುತ್ತದೆ.

ಕಾಲಿಗೆ ಒಂದೇ ಜೊತೆ ದಪ್ಪ ಉಣ್ಣೆ ಕಾಲುಚೀಲ. ಎರಡು ಜೊತೆ ತುರುಕಿದರೆ ಬೂಟು ಬಿಗಿಯಾಗಿ ರಕ್ತ ಸಂಚಾರ ತಗ್ಗುತ್ತದೆ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಬೂಟು ಒಂದು ಸೈಜ್ ದೊಡ್ಡದಿರಲಿ. ಕೈಗೆ ತೆಳು ಗ್ಲೌಸ್, ಅದರ ಮೇಲೆ ಬೆರಳು ಬಿಡಿಯಿಲ್ಲದ ದಪ್ಪ ಕೈಗವಸು. ಮೂಗುಬೊಟ್ಟು, ಓಲೆಗಳನ್ನು ಕೋಣೆಯಲ್ಲಿ ತೆಗೆದಿಡಿ. ಲೋಹ ಚಳಿಯನ್ನು ನೇರ ಚರ್ಮಕ್ಕೆ ದಾಟಿಸುತ್ತದೆ. ಪೇಟೆಯ ಕಾಲುದಾರಿಗಳು ಗಾಜಿನಂತೆ ಜಾರುತ್ತವೆ, ಶೂ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಅಲ್ಲಿನ ಅಂಗಡಿಯಲ್ಲಿ ಬಂದ ದಿನವೇ ಕೊಳ್ಳಿ. ಚಳಿಯಿಂದ ಆಸ್ಪತ್ರೆ ಸೇರುವುದಕ್ಕಿಂತ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವ ಭಯವೇ ಪ್ರವಾಸಿಗೆ ದೊಡ್ಡದು. (ಕೊಬ್ಬರಿ ಎಣ್ಣೆಯ ಬಾಟಲಿ ಒಯ್ಯುವವರು ಅಗಲ ಬಾಯಿಯ ಡಬ್ಬಿಗೆ ಸುರಿದುಕೊಳ್ಳಿ. 24 ಡಿಗ್ರಿಗಿಂತ ಕೆಳಗೆ ಅದು ಕಲ್ಲು.)

ಊರು ಮತ್ತು ಗಣಿ

ಮೊದಲ ಹಗಲು ಇದಕ್ಕೇ ಇರಲಿ. ಊರು ಯಾಕೆ ಸರಿಯುತ್ತಿದೆ ಎಂಬುದು ತಿಳಿದರೆ ನೋಡುವ ಕಣ್ಣು ಬೇರೆಯಾಗುತ್ತದೆ.

ಕೀರುನವಾರ ಬೆಟ್ಟದ ಅದಿರಿನ ಹಾಳೆ ಸುಮಾರು 4 ಕಿ.ಮೀ. ಉದ್ದ, 80 ಮೀಟರಿಗೂ ಹೆಚ್ಚು ದಪ್ಪ. ಅದು ನೆಟ್ಟಗೆ ಇಳಿದಿಲ್ಲ, ಓರೆಯಾಗಿ ಪೂರ್ವಕ್ಕೆ, ಊರಿನ ಅಡಿಗೆ ಇಳಿದಿದೆ. ಅದಿರು ತೆಗೆದ ಖಾಲಿ ಜಾಗಕ್ಕೆ ಮೇಲಿನ ಬಂಡೆ ತಾನಾಗಿ ಕುಸಿದು ತುಂಬಿಕೊಳ್ಳಲೆಂದೇ ಬಿಡುವ ಪದ್ಧತಿ ಇಲ್ಲಿಯದು. ಅಗ್ಗ, ಸುರಕ್ಷಿತ, ಆದರೆ ಕುಸಿತದ ಬಿರುಕು ವರ್ಷ ಹೋದಂತೆ ನೆಲದ ಮೇಲೆ ಪೂರ್ವಕ್ಕೆ ಹರಡುತ್ತದೆ. ಮುಖ್ಯ ಸಾಗಣೆ ಹಂತ ಈಗ 1,365 ಮೀಟರ್‌ನಲ್ಲಿದೆ. ಆಳಕ್ಕೆ ಹೋದಷ್ಟೂ ಮೇಲೆ ಊರು ತಿನ್ನಿಸಿಕೊಳ್ಳುತ್ತದೆ. ಜಾಗ ಬಿಡಬೇಕೆಂಬ ಸುದ್ದಿ 2004ರಲ್ಲಿ ಬಂತು. ಸುಮಾರು 3 ಕಿ.ಮೀ. ಪೂರ್ವಕ್ಕೆ ಕಟ್ಟಿದ ಹೊಸ ಪೇಟೆ 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು.

ಇದರಿಂದ ಪ್ರವಾಸಿಗೆ ಆಗುವ ತೊಂದರೆ ಎಂದರೆ ಹಳೆಯ ನಕ್ಷೆ, ಹಳೆಯ ಬ್ಲಾಗು, ಹಳೆಯ ವಿಡಿಯೊ ಯಾವುದೂ ನೆಚ್ಚಿಕೆಗೆ ಬಾರದು. ಐದು ವರ್ಷ ಹಿಂದಿನ ಶಿಫಾರಸಿನ ಹೋಟೆಲ್ ಇದ್ದ ಜಾಗದಲ್ಲಿ ಇಂದು ಬೇಲಿ ಇರಬಹುದು. ವಸತಿ ಬುಕ್ ಮಾಡುವಾಗ ಹೆಸರಲ್ಲ, ವಿಳಾಸ ನೋಡಿ. ಹೊಸ ಪೇಟೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಊಟ, ಬಸ್ ಎಲ್ಲ ಸಲೀಸು.

ಹೊಸ ಪೇಟೆಯಲ್ಲಿ ಶುರು ಮಾಡಿ. ಕ್ರಿಸ್ಟಲೆನ್ ಎಂಬ ದುಂಡನೆಯ ಪುರಭವನದ ಒಳಗೆ ಕಲಾ ಸಂಗ್ರಹಾಲಯವಿದೆ. ಹೊರಗೆ ನಿಂತಿರುವ ಕಬ್ಬಿಣದ ಗಡಿಯಾರ ಗೋಪುರ ಕೆಡವಿದ ಹಳೆಯ ಪುರಭವನದ್ದು, ಅದನ್ನಷ್ಟೇ ಬಿಡಿಸಿ ತಂದು ನಿಲ್ಲಿಸಿದ್ದಾರೆ. ಆಮೇಲೆ ಚರ್ಚ್. 1912ರಲ್ಲಿ ಮುಗಿದ ಈ ಮರದ ಕಟ್ಟಡವನ್ನು ಈ ಉತ್ತರ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಗುಡಾರದ ಆಕಾರದಲ್ಲಿ ಗುಸ್ತಾಫ್ ವಿಕ್ಮನ್ ವಿನ್ಯಾಸ ಮಾಡಿದ. 2025ರ ಆಗಸ್ಟ್ 19 ಮತ್ತು 20ರಂದು 670 ಟನ್ ತೂಕದ ಈ ಚರ್ಚನ್ನು ಬಿಚ್ಚದೆ, ಇಡಿಯಾಗಿ ಚಕ್ರಗಳ ಮೇಲೆ ಹೊತ್ತು 5 ಕಿ.ಮೀ. ಸಾಗಿಸಿದರು. ಅದಕ್ಕಾಗಿ ರಸ್ತೆಯನ್ನೇ 9ರಿಂದ 24 ಮೀಟರಿಗೆ ಅಗಲ ಮಾಡಿದ್ದರು. ನಮ್ಮಲ್ಲಿ ತೇರು ಎಳೆದಂತೆಯೇ, ಜನ ರಸ್ತೆಯ ಎರಡೂ ಬದಿ ನಿಂತು ನೋಡಿದರು. ಸ್ಥಳಾಂತರದ ನಂತರದ ಕೆಲಸಕ್ಕಾಗಿ ಒಳಭಾಗ ಮುಚ್ಚಿತ್ತು. ಹೋಗುವ ಮುನ್ನ ತೆರೆದಿದೆಯೇ ಕೇಳಿಕೊಳ್ಳಿ.

ಹಳೆಯ ಊರಿನ ಕಡೆ ಬೇಲಿಯವರೆಗೆ ಮಾತ್ರ ಹೋಗಿ. ಬೇಲಿಯಾಚೆ ನೆಲ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಸೀಳಿರುತ್ತದೆ, ಫೋಟೊ ಆಸೆಗೆ ದಾಟಬೇಡಿ. ಒಟ್ಟು ನೋಟ ಬೇಕಾದರೆ ಲುವೊಸ್ಸವಾರ ಗುಡ್ಡ ಹತ್ತಿ. ಅದೂ ಒಂದು ಕಾಲದ ಗಣಿಯೇ, ಈಗ ಸ್ಕೀ ಇಳಿಜಾರು. ಮೇಲಿನಿಂದ ಮೆಟ್ಟಿಲುಮೆಟ್ಟಿಲಾದ ಗಣಿ ಬೆಟ್ಟ, ಹಳೆಯ ಊರು, ಹೊಸ ಪೇಟೆ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಗಣಿಯ ಪ್ರವಾಸದಲ್ಲಿ ಕೋಲಾರದ ಚಿನ್ನದ ಗಣಿಯಂತೆ ಪಂಜರದ ಲಿಫ್ಟ್‌ನಲ್ಲಿ ಇಳಿಯುವುದಿಲ್ಲ. ಬಸ್ಸೇ ಸುರಂಗದ ರಸ್ತೆಯಲ್ಲಿ ಕೆಳಗಿಳಿದು 540 ಮೀಟರ್ ಹಂತದ ಸಂದರ್ಶಕರ ಕೇಂದ್ರಕ್ಕೆ ಒಯ್ಯುತ್ತದೆ. ಒಟ್ಟು ಮೂರು ತಾಸಿನ ಹತ್ತಿರ. ಹೆಲ್ಮೆಟ್ ಅವರೇ ಕೊಡುತ್ತಾರೆ. ಮುಚ್ಚಿದ ಶೂ, ಒಂದು ಜಾಕೆಟ್ ಸಾಕು. ನೋಡಲು ಸಿಗುವುದು ನಿವೃತ್ತ ಭಾಗ: ದೊಡ್ಡ ಕೊರೆಯುವ ಯಂತ್ರ, ಲೋಡರ್, ಅದಿರು ಉಂಡೆಯಾಗುವ ಬಗೆಯ ಪ್ರದರ್ಶನ. ಅದಿರು ತೆಗೆಯುವ ಜಾಗ ಇನ್ನೂ ಎಷ್ಟೋ ಕೆಳಗೆ, ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಇಷ್ಟು ತಿಳಿದು ಹೋದರೆ ನಿರಾಸೆಯಿಲ್ಲ. ಮುಚ್ಚಿದ ಜಾಗದ ಭಯವಿರುವವರಿಗೂ ಇಲ್ಲಿ ಉಸಿರುಗಟ್ಟುವುದು ಕಡಿಮೆ, ಸುರಂಗ ಬಸ್ ಹೋಗುವಷ್ಟು ಅಗಲ. ಮಕ್ಕಳ ಕನಿಷ್ಠ ವಯಸ್ಸನ್ನು ಮಾತ್ರ ಬುಕಿಂಗ್ ಸಮಯದಲ್ಲೇ ಕೇಳಿ.

ರಾತ್ರಿ ಒಂದೂವರೆ ಸುಮಾರಿಗೆ ಮಂಚ ಸಣ್ಣಗೆ ನಡುಗಿದರೆ ಎದ್ದು ಓಡಬೇಡಿ. ಅದು ಗಣಿಯ ದಿನದಿನದ ಸ್ಫೋಟ. ಕೆಜಿಎಫ್‌ನಲ್ಲಿ ಬೆಳೆದವರಿಗೆ ಇದು ಹೊಸದಲ್ಲ.

ಅರೋರಾ ಹಿಡಿಯುವುದು

ಗಾಳಿ ಬಂದಾಗ ತೂರಿಕೋ ಎನ್ನುವ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಪ್ರವಾಸಿಗರು ಫೋನಿನಲ್ಲಿ ಕೆಪಿ ಸೂಚ್ಯಂಕ, ಅಂದರೆ ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ಯಿಂದ 9ರವರೆಗೆ ಅಳೆಯುವ ಅಂಕಿ ನೋಡುತ್ತ ಕೂರುತ್ತಾರೆ. ಕೆಪಿ 5 ಬೇಕಾಗುವುದು ದಕ್ಷಿಣದ ಊರುಗಳಿಗೆ. ಕಿರುನಾ ಧ್ರುವದ ಸುತ್ತ ಅರೋರಾ ಮೂಡುವ ಉಂಗುರದ ಅಡಿಯಲ್ಲೇ ಇದೆ, ಕೆಪಿ 1 ಅಥವಾ 2 ಇದ್ದರೂ ತಲೆಯ ಮೇಲೆ ಕಾಣಬಹುದು. ಇಲ್ಲಿ ಸೋಲುವುದು ಮೋಡದಿಂದ. ಆದ್ದರಿಂದ ಕೆಪಿಗಿಂತ ಮೊದಲು ಸ್ವೀಡನ್ನಿನ ಹವಾಮಾನ ಸಂಸ್ಥೆಯ ಮೋಡದ ಮುನ್ಸೂಚನೆ ನೋಡಿ. ಕಿರುನಾದಲ್ಲೇ ಇರುವ ಬಾಹ್ಯಾಕಾಶ ಭೌತಶಾಸ್ತ್ರ ಸಂಸ್ಥೆ ಇಡೀ ಆಕಾಶದ ಕ್ಯಾಮೆರಾ ಮತ್ತು ಕಾಂತಮಾಪಕದ ನೇರ ದತ್ತಾಂಶವನ್ನು ಜಾಲತಾಣದಲ್ಲಿ ಕೊಡುತ್ತದೆ. ಕಾಂತಮಾಪಕದ ಗೆರೆ ಇದ್ದಕ್ಕಿದ್ದಂತೆ ಕೆಳಗೆ ಜಿಗಿದರೆ ಬೂಟು ಹಾಕಿಕೊಳ್ಳುವ ಹೊತ್ತು ಬಂತೆಂದೇ ಅರ್ಥ.

ಹೆಚ್ಚಾಗಿ ಕಾಣುವುದು ರಾತ್ರಿ ಒಂಬತ್ತರಿಂದ ಒಂದರವರೆಗೆ. ಗಣಿಯ ದೀಪಗಳು ಊರಿನ ನೈಋತ್ಯಕ್ಕೆ, ಅದಕ್ಕೆ ಬೆನ್ನು ಮಾಡಿ ನಿಲ್ಲಿ. ಬೀದಿದೀಪ ದಾಟಿ ಹತ್ತು ನಿಮಿಷ ನಡೆದು, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಕೊಡಿ. ಮಂದ ಅರೋರಾ ಬರಿಗಣ್ಣಿಗೆ ಬೂದು ಮೋಡದಂತೆಯೇ ಇರುತ್ತದೆ. ಅನುಮಾನ ಬಂದರೆ ಫೋನಿನ ರಾತ್ರಿ ಮೋಡ್‌ನಲ್ಲಿ ಒಂದು ಚಿತ್ರ ತೆಗೆದು ನೋಡಿ, ಹಸಿರು ಬಂದರೆ ಅದೇ.

ಕ್ಯಾಮೆರಾದವರಿಗೆ: ಟ್ರೈಪಾಡ್, ಅಗಲ ಲೆನ್ಸ್, ಎಫ್ 2.8, ಐಎಸ್‌ಒ 1600, 5ರಿಂದ 10 ಸೆಕೆಂಡು. ಅರೋರಾ ವೇಗವಾಗಿ ಕುಣಿಯುತ್ತಿದ್ದರೆ 2 ಸೆಕೆಂಡಿಗೆ ಇಳಿಸಿ, ಇಲ್ಲವಾದರೆ ಪರದೆಯ ಮಡಿಕೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಆಟೊ ಫೋಕಸ್ ಕತ್ತಲಲ್ಲಿ ಅಲೆಯುತ್ತದೆ, ಒಂದು ನಕ್ಷತ್ರದ ಮೇಲೆ ಕೈಯಿಂದ ಫೋಕಸ್ ಮಾಡಿ ಟೇಪು ಅಂಟಿಸಿ. ಬಿಡಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ. ಒಳಗೆ ಬರುವ ಮೊದಲೇ, ಹೊರಗಿನ ಚಳಿಯಲ್ಲೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಕೋಣೆಯಲ್ಲಿ ಎರಡು ತಾಸು ಬಿಚ್ಚಬೇಡಿ. ಬಿಚ್ಚಿದರೆ ಬೆಚ್ಚನೆಯ ಗಾಳಿಯ ತೇವ ಲೆನ್ಸಿನ ಒಳಗೇ ಹನಿಯಾಗುತ್ತದೆ.

ಯುಕ್ಕಸ್‌ಯಾರ್ವಿಯ ಮಂಜುಗಡ್ಡೆ

ಯುಕ್ಕಸ್‌ಯಾರ್ವಿ ಹಳ್ಳಿ ಕಿರುನಾದಿಂದ 17 ಕಿ.ಮೀ. ದೂರ. ಸ್ಥಳೀಯ ಬಸ್ ಇದೆ, ವಾರಾಂತ್ಯದಲ್ಲಿ ಕಡಿಮೆ. ಟೋರ್ನೆ ನದಿಯಿಂದ ಮಾರ್ಚ್‌ನಲ್ಲಿ ಕೊಯ್ದ ಗಡ್ಡೆಗಳನ್ನು ಕಾಪಿಟ್ಟು, ಮುಂದಿನ ಚಳಿಗಾಲಕ್ಕೆ ಪ್ರತಿವರ್ಷ ಹೊಸದಾಗಿ ಕಟ್ಟುವ ಐಸ್‌ಹೋಟೆಲ್ ಇಲ್ಲಿದೆ. ಏಪ್ರಿಲ್‌ನಲ್ಲಿ ಕರಗಿ ಅದೇ ನದಿಗೆ ಸೇರುತ್ತದೆ. 2016ರಿಂದ ವರ್ಷವಿಡೀ ತಂಪಾಗಿಡುವ ಇನ್ನೊಂದು ಭಾಗವೂ ಇದೆ, ಬೇಸಿಗೆಯಲ್ಲಿ ಅದಕ್ಕೆ ಸೌರಶಕ್ತಿ.

ಒಳಗೆ ಮಲಗಲೇಬೇಕೆಂದಿಲ್ಲ. ಹಗಲಿನ ಟಿಕೆಟ್‌ನಲ್ಲೇ ಎಲ್ಲ ಕೋಣೆಗಳೂ ನೋಡಲು ಸಿಗುತ್ತವೆ, ಹೆಚ್ಚಿನವರಿಗೆ ಅಷ್ಟು ಸಾಕು. ಮಲಗುವುದಾದರೆ ಒಂದೇ ರಾತ್ರಿ, ಮರುದಿನ ಬೆಚ್ಚನೆಯ ಕೋಣೆ. ಒಳಗೆ ಶೂನ್ಯಕ್ಕಿಂತ 5ರಿಂದ 8 ಡಿಗ್ರಿ ಕೆಳಗೆ. ಉಣ್ಣೆಯ ಒಳಉಡುಪು ಮತ್ತು ಟೋಪಿ ಮಾತ್ರ ಹಾಕಿ ನಿದ್ರಾಚೀಲಕ್ಕೆ ಇಳಿಯಬೇಕು, ಜಾಕೆಟ್ ಸಮೇತ ಹೊಕ್ಕರೆ ಬೆವರಿ ನಡುಗುವಿರಿ. ಶೌಚಾಲಯ ಪಕ್ಕದ ಬೆಚ್ಚನೆಯ ಕಟ್ಟಡದಲ್ಲಿದೆ, ಸಂಜೆ ಕಾಫಿ ಕಮ್ಮಿ ಮಾಡಿ. ಹಾಸಿಗೆಯ ಮೇಲೆ ಹಿಮಸಾರಂಗದ ಚರ್ಮ ಹಾಸಿರುತ್ತಾರೆ, ಅದು ಒಗ್ಗದವರು ಮೊದಲೇ ಯೋಚಿಸಿ.

ಅಲ್ಲೇ ನಡೆದು ಹೋಗುವ ದೂರದಲ್ಲಿ 1600ರ ದಶಕದ ಮರದ ಚರ್ಚ್ ಇದೆ, ಸ್ವೀಡನ್ನಿನ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರಾಂತ್ಯದ ಅತಿ ಹಳೆಯದು. ಬ್ರೂರ್ ಯೋರ್ತ್ ಕೆತ್ತಿದ ಬಣ್ಣದ ಮರದ ಫಲಕಗಳಿಗಾದರೂ ಒಳಗೆ ಹೋಗಿ. ಸಾಮಿ ಕುಟುಂಬಗಳು ನಡೆಸುವ ಹಿಮಸಾರಂಗದ ಪ್ರವಾಸಗಳೂ ಈ ಕಡೆ ಸಿಗುತ್ತವೆ. ಎಷ್ಟು ಹಿಮಸಾರಂಗ ಇಟ್ಟಿದ್ದೀರಿ ಎಂದು ಕೇಳಬಾರದು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ.

ನಾಯಿಗಾಡಿಯಲ್ಲಿ ಸ್ವತಃ ಓಡಿಸುವುದಾದರೆ ನಿಯಮ ಒಂದೇ: ಮಗುಚಿದರೂ ಹಿಡಿಕೆ ಬಿಡಬೇಡಿ. ಹಗುರಾದ ಗಾಡಿಯನ್ನು ನಾಯಿಗಳು ನಿಮ್ಮನ್ನು ಬಿಟ್ಟೇ ಎಳೆದೊಯ್ಯುತ್ತವೆ. ಸ್ನೋಮೊಬೈಲ್ ಓಡಿಸಲು ಡ್ರೈವಿಂಗ್ ಲೈಸೆನ್ಸ್ ಕೇಳುತ್ತಾರೆ.

ಅಬಿಸ್ಕೊ

ಕಿರುನಾದ ವಾಯವ್ಯಕ್ಕೆ ಸುಮಾರು 95 ಕಿ.ಮೀ., ರೈಲಿನಲ್ಲಿ ಒಂದು ತಾಸಿನ ಮೇಲೆ. ಕಿರುನಾದಲ್ಲಿ ಮೋಡವಿದ್ದರೂ ಇಲ್ಲಿ ಆಕಾಶ ತೆರೆದಿರುವುದುಂಟು. ಪಶ್ಚಿಮದ ಬೆಟ್ಟಗಳು ನಾರ್ವೆ ಸಮುದ್ರದ ತೇವವನ್ನೆಲ್ಲ ತಡೆದು ಸುರಿಸಿಕೊಳ್ಳುತ್ತವೆ. ಆಗುಂಬೆ ನೆನೆದು ಚಿತ್ರದುರ್ಗ ಒಣಗುವ ಲೆಕ್ಕವೇ ಇದು. ವರ್ಷಕ್ಕೆ ಬರೀ 300 ಮಿ.ಮೀ. ಆಸುಪಾಸು ಮಳೆ ಮತ್ತು ಹಿಮ.

ನಿಲ್ದಾಣ ಎರಡಿವೆ. ಅಬಿಸ್ಕೊ ಓಸ್ತ್ರ ಎಂದರೆ ಹಳ್ಳಿ, ಅಂಗಡಿ ಅಲ್ಲೇ. ಅಬಿಸ್ಕೊ ಟೂರಿಸ್ಟ್‌ಸ್ಟೇಷನ್ ಎಂದರೆ ರಾಷ್ಟ್ರೀಯ ಉದ್ಯಾನ ಮತ್ತು ಚೇರ್‌ಲಿಫ್ಟ್. ನಡುವೆ ಸುಮಾರು ಎರಡು ಕಿ.ಮೀ. ನಿಮ್ಮ ವಸತಿ ಯಾವ ಬದಿಗೆ ಎಂದು ನೋಡಿ ಟಿಕೆಟ್ ತೆಗೆಯಿರಿ. ನುವೊಲ್ಯ ಬೆಟ್ಟದ 900 ಮೀಟರ್ ಎತ್ತರದ ಅರೋರಾ ಕೇಂದ್ರಕ್ಕೆ ತೆರೆದ ಚೇರ್‌ಲಿಫ್ಟ್‌ನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಅಲುಗಾಡದೆ ಕೂರಬೇಕು, ಗಾಳಿ ಜೋರಾದರೆ ಅದು ನಿಲ್ಲುತ್ತದೆ. ಆ ದಿನ ಕೆಳಗೆ ಹೆಪ್ಪುಗಟ್ಟಿದ ಟೋರ್ನೆತ್ರೆಸ್ಕ್ ಸರೋವರದ ದಂಡೆಯಿಂದಲೇ ನೋಡಬಹುದು, ಅದಕ್ಕೆ ಕಾಸಿಲ್ಲ.

ಊಟ

ಮಾಂಸ ತಿನ್ನದವರಿಗೆ ಫಲಾಫೆಲ್, ಪಿಜ್ಜಾ, ಸೂಪರ್‌ಮಾರ್ಕೆಟ್‌ನ ಬ್ರೆಡ್, ಚೀಸ್, ಮೊಸರು ಧಾರಾಳ. ಪೊಟ್ಟಣದ ಮೇಲೆ ‘ವೆಗೆಟಾರಿಸ್ಕ್’ ಅಥವಾ ‘ವೆಗಾನ್ಸ್ಕ್’ ಎಂದಿದೆಯೇ ನೋಡಿ. ಅಡುಗೆಮನೆ ಇರುವ ವಸತಿ ಹಿಡಿದರೆ ಖರ್ಚು ಅರ್ಧ ಉಳಿದಂತೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಬಹುದು. ತುಪ್ಪ, ಪನೀರ್, ಖೋವಾ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ, ಹಸಿ ಕರಿಬೇವೂ ಕೂಡ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ. ನೋಟು ಬದಲಾಯಿಸಬೇಕಿಲ್ಲ, ಎಲ್ಲೆಡೆ ಕಾರ್ಡ್.

ಕಾರು ಬಾಡಿಗೆಗೆ ತೆಗೆದರೆ

ಕಿರುನಾ ಪುರಸಭೆಯ ವ್ಯಾಪ್ತಿ ಉತ್ತರ ಕನ್ನಡ ಜಿಲ್ಲೆಯ ಸುಮಾರು ಎರಡರಷ್ಟು, ಹಾಗಾಗಿ ‘ಪಕ್ಕದಲ್ಲೇ’ ಎಂದರೆ ಒಂದು ತಾಸು ಎಂದುಕೊಳ್ಳಿ. ಹಿಮದ ಮೇಲೆ ಓಡಿಸಿ ಅಭ್ಯಾಸವಿಲ್ಲದವರು ಕಾರು ಬಿಟ್ಟು ಬಸ್, ರೈಲು ಹಿಡಿಯುವುದೇ ವಾಸಿ. ಓಡಿಸುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚಳಿಗಾಲದ ಟೈರು ಕಡ್ಡಾಯ, ಮೊಳೆ ಇರುವ ಟೈರನ್ನೇ ಕೇಳಿ ಪಡೆಯಿರಿ. ರಾತ್ರಿ ನಿಲ್ಲಿಸಿದಾಗ ಎಂಜಿನ್ ಹೀಟರಿನ ತಂತಿ ಸಿಕ್ಕಿಸುವ ಬಗೆಯನ್ನು ಕಾರು ತೆಗೆದುಕೊಳ್ಳುವಾಗಲೇ ತೋರಿಸಲು ಹೇಳಿ. ನಾರ್ವಿಕ್ ಕಡೆಯ ಇ10 ಹೆದ್ದಾರಿ ಬಿರುಗಾಳಿಗೆ ಮುಚ್ಚುತ್ತದೆ. ಡಿಕ್ಕಿಯಲ್ಲಿ ಕಂಬಳಿ, ಬಿಸಿನೀರು, ತಿನ್ನಲು ಏನಾದರೂ ಇರಲಿ.

ರಸ್ತೆಬದಿಯ ಕಂಬಗಳಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದು ಕಂಡರೆ ಕಸವೆಂದುಕೊಳ್ಳಬೇಡಿ. ಮುಂದೆ ಹಿಮಸಾರಂಗದ ಹಿಂಡು ಇದೆ ಎಂದು ಸಾಕುವವರು ಇಟ್ಟ ಗುರುತು. ವೇಗ ಇಳಿಸಿ. ಒಂದು ದಾಟಿತೆಂದು ಮತ್ತೆ ವೇಗ ಏರಿಸಬೇಡಿ, ಅವು ಒಂಟಿಯಾಗಿ ಬರುವುದು ಅಪರೂಪ. ಬಡಿದರೆ ಪ್ರಾಣಿ ಎದ್ದು ಓಡಿದರೂ ಸರಿ, 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸುವುದು ಕಾನೂನು. ಜಾಗ ಗುರುತಿಗೆ ರಸ್ತೆಬದಿಯ ಕೋಲಿಗೆ ಬಣ್ಣದ ಬಟ್ಟೆಯನ್ನೋ ಚೀಲವನ್ನೋ ಕಟ್ಟಿ. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಬರುವವರಿಗೆ ಅದೊಂದೇ ಸುಳಿವು.